ಕುಳಿತುಕೊಳ್ಳುವ ಹಕ್ಕು ಮತ್ತು ಗಿರಾಕಿಯ ಕಣ್ಣು

ಜವಳಿ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಹೆಣ್ಣುಮಗಳು ದಿನವೊಂದಕ್ಕೆ ಎಷ್ಟು ಹೊತ್ತು ನಿಂತಿರುತ್ತಾಳೆಂಬುದನ್ನು ಸೀರೆ ಕೊಳ್ಳಹೋದವರಾರೂ ಲೆಕ್ಕ ಹಾಕಿರಲಾರರು. ಗಿರಾಕಿಗಳು ಬರುವ ಮುನ್ನವೇ ಬಂದು, ಕೊನೆಯ ಗಿರಾಕಿ ಮೆಟ್ಟಿಲಿಳಿದ ಮೇಲೆ ಮಡಿಕೆಗಳನ್ನೆಲ್ಲ ಸರಿಪಡಿಸಿ ಹೊರಡುವ ಆಕೆಗೆ ಊಟದ ಬಿಡುವೊಂದನ್ನು ಬಿಟ್ಟರೆ ಎಷ್ಟೋ ಕಡೆ ಕೂರಲು ಎಡೆಯೂ ಇಲ್ಲ, ಅನುಮತಿಯೂ ಇಲ್ಲ. ನಾಲ್ಕೈದು ಪಾಠಗಳನ್ನು ಒಂದರ ಮೇಲೊಂದು ನಿಂತೇ ಮುಗಿಸಿದ ಉಪಾಧ್ಯಾಯರು ಸಂಜೆ ತಮ್ಮ ಮೊಣಕಾಲನ್ನು ಕೇಳಿಕೊಂಡರೆ ಇದರ ಅರ್ಥ ತಿಳಿದೀತು.

ನೋಡಲು ಇಷ್ಟು ಸಣ್ಣದಾಗಿ ಕಾಣುವ ಈ ಸಂಗತಿ ನಮ್ಮ ನೆರೆಯ ಎರಡು ರಾಜ್ಯಗಳಲ್ಲಿ ಶಾಸನದ ಮಾತಾಗಿದೆ. ಅಂಗಡಿ ನೌಕರರಿಗೆ ಕೂರಲು ಆಸನವಿರಬೇಕೆಂದು ಕೇರಳ 2018ರಲ್ಲಿ ತನ್ನ ಅಂಗಡಿಗಳ ಕಾನೂನನ್ನು ತಿದ್ದಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಕೆಲಸದ ನಡುವೆ ಅವಕಾಶ ಒದಗಿದಾಗಲೆಲ್ಲ ಕೂರುವಂತಾಗಲಿ, ದಿನವಿಡೀ ಕಾಲಮೇಲೆ ನಿಂತಿರುವ ಪಾಡು ತಪ್ಪಲಿ ಎಂಬುದು ಆ ತಿದ್ದುಪಡಿಯ ತಾತ್ಪರ್ಯ. ಮದರಾಸಿನ ರಂಗನಾಥನ್ ಬೀದಿಯ ಅಂಗಡಿ ಹುಡುಗ ಹುಡುಗಿಯರ ಬಾಳನ್ನು 'ಅಂಗಾಡಿ ತೆರು' ಎಂಬ ಚಲನಚಿತ್ರ 2010ರಲ್ಲೇ ತೆರೆಗೆ ತಂದಿತ್ತು. ಕಾನೂನು ಬರಲು ಮತ್ತೆ ಹನ್ನೊಂದು ವರ್ಷ ಹಿಡಿಯಿತು.

ಕೇರಳದ ಕಾನೂನಾದರೂ ಮಂತ್ರಿಗಳ ಮನೆಯಲ್ಲಿ ಹುಟ್ಟಿದ್ದಲ್ಲ. ಕೋಳಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳಲ್ಲಿ ದುಡಿಯುತ್ತಿದ್ದ ಹೆಂಗಸರಿಗೆ ಕೂರುವ ಮಾತು ಹಾಗಿರಲಿ, ಶೌಚಾಲಯವೇ ಇರಲಿಲ್ಲ. ಆದ್ದರಿಂದ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಹೊಲಿಗೆಯ ವೃತ್ತಿಯ ವಿಜಿ ಎಂಬಾಕೆ 'ಪೆಣ್‌ಕೂಟ್ಟ್' ಎಂಬ ಹೆಸರಿನಲ್ಲಿ ಇಂಥವರನ್ನು ಒಗ್ಗೂಡಿಸಿ, ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಊದಿದ ಪಾದ, ಉಬ್ಬಿದ ನರ, ಸೊಂಟನೋವು, ಮೂತ್ರದ ಸೋಂಕು ಇವೇ ಆ ಹೋರಾಟದ ಅಹವಾಲುಗಳು.

ಇಂಗ್ಲೆಂಡು ಈ ಕೆಲಸವನ್ನು 1899ರಷ್ಟು ಹಿಂದೆಯೇ ಮಾಡಿತ್ತು. ಮೂವರು ಹೆಣ್ಣು ನೌಕರರಿಗೆ ಒಂದರಂತಾದರೂ ಆಸನವಿರಬೇಕೆಂದು ಅಲ್ಲಿನ ಶಾಸನ ವಿಧಿಸಿತು. ನಮ್ಮಲ್ಲಿಯೂ, ನಿಂತು ದುಡಿಯುವ ಕಾರ್ಮಿಕನಿಗೆ ಕೂರುವ ಸೌಕರ್ಯ ಬೇಕೆಂದು 1948ರ ಕಾರ್ಖಾನೆ ಶಾಸನ ಹೇಳಿತ್ತು. ಯಂತ್ರದ ಮುಂದೆ ನಿಂತವನ ಆಯಾಸ ಕಾನೂನಿನ ಕಣ್ಣಿಗೆ ಬಿದ್ದು, ಗಿರಾಕಿಯ ಮುಂದೆ ನಿಂತವಳದು ಎಪ್ಪತ್ತು ವರ್ಷ ಬೀಳದೆ ಹೋದದ್ದೇಕೆ?

ಕಾರಣ ನಾವೇ ಎಂದು ನನಗೆ ತೋರುತ್ತದೆ. ಕುಳಿತ ನೌಕರಳನ್ನು ಕಂಡರೆ ಗಿರಾಕಿ ಅದನ್ನು ಅಸಡ್ಡೆಯೆಂದು ತಿಳಿದಾನು ಎಂಬುದು ಅಂಗಡಿಯೊಡೆಯನ ಅಂಜಿಕೆ. ಆತ ನಿಲ್ಲಿಸುವುದು ನಮ್ಮ ಹೆಸರಿನಲ್ಲಿ. ಇದು ನಮ್ಮ ಪರಂಪರೆಯೆಂದು ಹೇಳುವಂತೆಯೂ ಇಲ್ಲ. ಚಿಕ್ಕಪೇಟೆಯ ಹಳೆಯ ಜವಳಿ ಅಂಗಡಿಗಳಲ್ಲಿ ಬಿಳಿಯ ಹಾಸಿನ ಗಾದಿಯ ಮೇಲೆ ತೋರಿಸುವವನೂ ಕೂರುತ್ತಿದ್ದ, ಕೊಳ್ಳುವವಳೂ ಕೂರುತ್ತಿದ್ದಳು; ವ್ಯಾಪಾರಕ್ಕೇನೂ ಕುಂದು ಬರಲಿಲ್ಲ. ಗಾದಿ ಹೋಗಿ ಗಾಜಿನ ಕಟ್ಟೆ ಬಂದಮೇಲೆ ಒಬ್ಬರು ನಿಲ್ಲಲೇಬೇಕಾಯಿತು. ಯಾರು ನಿಲ್ಲಬೇಕೆಂಬುದನ್ನು ಯಾರೂ ಚರ್ಚಿಸಲಿಲ್ಲ.

ಶಾಸನ ಪೀಠವನ್ನು ತಂದಿಡಬಲ್ಲುದು. ಅದರ ಮೇಲೆ ಕುಳಿತವಳನ್ನು ನಾವು ನೋಡುವ ನೋಟವನ್ನು ತಿದ್ದಲಾರದು. ಅಂಗಡಿಯ ಹೊಸ್ತಿಲು ದಾಟಿದೊಡನೆ ನಮ್ಮ ಬಹುವಚನ ಏಕವಚನವಾಗುವುದನ್ನು ವಾಚಕರು ಗಮನಿಸಿರಬಹುದು. ತಂದೆಯ ವಯಸ್ಸಿನ ಗುಮಾಸ್ತನನ್ನು 'ಏನಯ್ಯಾ' ಎನ್ನುವ ತರುಣನಿಗೆ, ಅದೇ ಮನುಷ್ಯ ರೈಲಿನಲ್ಲಿ ಪಕ್ಕದಲ್ಲಿ ಕೂತರೆ 'ತಾವು' ಎನ್ನಲು ಬರುತ್ತದೆ. ತಾನು ಕಟ್ಟದ ಬೆಲೆಗಾಗಿ ಬೈಸಿಕೊಳ್ಳುವವಳು ಆಕೆ. ಕೊಳ್ಳುವ ಮನಸ್ಸಿಲ್ಲದೆ ನಲವತ್ತು ಸೀರೆ ಬಿಡಿಸಿಸಿ 'ಮತ್ತೆ ಬರುತ್ತೇವೆ' ಎಂದು ಎದ್ದರೆ, ಮಡಿಸುವವಳೂ ಆಕೆಯೇ. ನೋಡಿ ಆರಿಸುವುದು ಗಿರಾಕಿಯ ಹಕ್ಕು, ನಿಜ. ಆದರೆ ಬಣ್ಣ, ಬೆಲೆ ಎರಡನ್ನೂ ಮೊದಲೇ ಹೇಳಿಬಿಟ್ಟರೆ ನಲವತ್ತು ಹತ್ತಾಗುತ್ತದೆ. ಬಾಗಿಲು ಎಳೆಯುವ ಹೊತ್ತಿಗೆ ಒಳಗೆ ನುಗ್ಗುವ ಗಿರಾಕಿ ಆಕೆಯ ಕೊನೆಯ ಬಸ್ಸನ್ನು ತಪ್ಪಿಸುತ್ತಾನೆಂಬುದೂ ನೆನಪಿರಲಿ.

ಕರ್ನಾಟಕದಲ್ಲಿ ಈ ಮಾತಿಗೆ ಇನ್ನಷ್ಟು ತುರ್ತಿದೆ. ಅಂಗಡಿ ನೌಕರರಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು 1961ರ ಶಾಸನ ಗೊತ್ತುಮಾಡಿತು. ಹತ್ತು ಮತ್ತು ಹೆಚ್ಚು ಮಂದಿ ದುಡಿಯುವ ಅಂಗಡಿಗಳು ಹಗಲೂ ರಾತ್ರಿ ತೆರೆದಿರಬಹುದೆಂದು 2021ರ ಜನವರಿಯಲ್ಲಿ ಸರ್ಕಾರ ಅಪ್ಪಣೆ ಕೊಟ್ಟಿತು. ಗಂಟೆಗಳ ಮಿತಿ ಕಾಗದದ ಮೇಲಿದೆ. ಗೌರಿ ಹಬ್ಬದ, ದೀಪಾವಳಿಯ ವಾರಗಳಲ್ಲಿ ಅದನ್ನು ಎಣಿಸುವವರು ಯಾರು?

ಸೀರೆ ನೋಡುತ್ತ 'ನೀವೂ ಕೂತ್ಕೊಳ್ಳಿ, ಅಮ್ಮ' ಎಂದು ಹೇಳಿ ನೋಡಿದರೆ, ಆಕೆಯ ಕಣ್ಣು ಮೊದಲು ಹೊರಳುವುದು ಗಲ್ಲಾದ ಕಡೆಗೆ. ಆದ್ದರಿಂದ ಆ ಮಾತನ್ನು ಗಲ್ಲಾದಲ್ಲಿ ಕುಳಿತವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಆಡಬೇಕು.