ದಾಸವಾಳದ ಬಣ್ಣ ನಂಬಿ ನೀರು ಕುಡಿಯಬೇಡಿ

ದಾಸವಾಳದ ಹೂ ನೆನೆಸಿದ ನೀರಿಗೆ ನಿಂಬೆರಸ ಬೆರೆಸಿದರೆ ಕಡುಗುಲಾಬಿ, ಅಡುಗೆ ಸೋಡಾ ಬೆರೆಸಿದರೆ ಹಸಿರು. ಅರಿಶಿನ ಹಚ್ಚಿದ ಕಾಗದಕ್ಕೆ ಸಾಬೂನಿನ ನೀರು ತಾಗಿದರೆ ಕೆಂಪು. ಮದ್ರಸದ ಮಕ್ಕಳಿಗೆ ಇದನ್ನು ಮಾಡಿ ತೋರಿಸಬೇಕು. ಅಲ್ಲಾಹನ ಸೃಷ್ಟಿಯ ಸೊಗಸನ್ನು ಕಣ್ಣಾರೆ ಕಾಣುತ್ತಾರೆ. ಆದರೆ ಇದರಿಂದಲೇ ಬೋರ್‌ವೆಲ್ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಎಂದು ತೀರ್ಮಾನಿಸಲು ಹೊರಟರೆ ಅಪಾಯ.

ದಾಸವಾಳದಲ್ಲಿರುವ ಆಂಥೋಸಯನಿನ್ ಎಂಬ ವರ್ಣದ್ರವ್ಯದ ಈ ಬದಲಾವಣೆ ತಿಳಿಸುವುದು ನೀರು ಆಮ್ಲೀಯವೋ ಕ್ಷಾರೀಯವೋ ಎಂಬುದನ್ನು ಮಾತ್ರ. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರೊಳಗೆ ಇರಬೇಕೆಂಬುದು ಭಾರತೀಯ ಮಾನದಂಡ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಕೊಳವೆಬಾವಿಗಳನ್ನು ಕಾಡುವ ಫ್ಲೋರೈಡ್ ಈ ಮಿತಿಯೊಳಗಿನ ನೀರಿನಲ್ಲೂ ಧಾರಾಳವಾಗಿ ಇರಬಹುದು. ದಾಸವಾಳ ಅದನ್ನು ಹೇಳುವುದಿಲ್ಲ. ಹೊಲದ ಗೊಬ್ಬರದಿಂದ ಇಳಿಯುವ ನೈಟ್ರೇಟ್ ವಿಷಯವೂ ಅಷ್ಟೇ.

ಹಾಗಾದರೆ ಗಿಡದ ಬಣ್ಣಕ್ಕೆ ಫ್ಲೋರೈಡ್ ಹಿಡಿಯುವ ಶಕ್ತಿಯೇ ಇಲ್ಲವೇ? ಇದೆ, ಬೇರೆ ದಾರಿಯಲ್ಲಿ. ನಮ್ಮ ಮಂಜಿಷ್ಠದ ಸಂಬಂಧಿಯಾದ ಮ್ಯಾಡರ್ ಗಿಡದ ಬೇರಿನಿಂದ ಹಿಂದೆ ಬಟ್ಟೆಗೆ ಕೆಂಪು ಹಾಕುತ್ತಿದ್ದರು. ಆ ಬೇರಿನ ಬಣ್ಣ ಅಲಿಝರಿನ್. 19ನೇ ಶತಮಾನದಲ್ಲಿ ಅದನ್ನು ಕಾರ್ಖಾನೆಯಲ್ಲೇ ತಯಾರಿಸಲು ಕಲಿತರು. ಅದರ ಒಂದು ರೂಪವನ್ನು ಜಿರ್ಕೋನಿಯಂ ಲೋಹದೊಡನೆ ಕೂಡಿಸಿದರೆ ಕೆಂಪು ದ್ರಾವಣ ಸಿಗುತ್ತದೆ. ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಆ ಲೋಹವನ್ನು ತನ್ನತ್ತ ಸೆಳೆದುಕೊಳ್ಳುತ್ತದೆ; ಜೊತೆ ಕಳೆದುಕೊಂಡ ಬಣ್ಣ ಹಳದಿಗೆ ತಿರುಗುತ್ತದೆ. ಎಷ್ಟು ಫ್ಲೋರೈಡೋ ಅಷ್ಟು ಹಳದಿ. ಆದರೆ ಅಳತೆಗೆ ಸರಿಯಾದ ದ್ರಾವಣ, ಹೋಲಿಸಿ ನೋಡುವ ಬಣ್ಣದ ಪಟ್ಟಿ ಬೇಕು. ಅಡುಗೆಮನೆಯಲ್ಲಿ ಆಗುವ ಕೆಲಸವಲ್ಲ.

ನಮ್ಮಲ್ಲಿ ಇನ್ನೊಂದು ಗೊಂದಲವಿದೆ. ನಜಸ್ ಸೇರಿ ನೀರಿನ ಬಣ್ಣ, ರುಚಿ, ವಾಸನೆ ಬದಲಾಯಿತೇ ಎಂದು ನೋಡುವುದು ಕರ್ಮಶಾಸ್ತ್ರದ ಪ್ರಸಿದ್ಧ ಅಳತೆಗೋಲು. (ಅಲ್ಪ ನೀರಿನ ವಿಷಯದಲ್ಲಿ ಮದ್‌ಹಬ್‌ಗಳ ನಡುವೆ ಇರುವ ಭಿನ್ನತೆಯ ಚರ್ಚೆ ಇಲ್ಲಿ ಬೇಡ.) ಆ ಅಳತೆಗೋಲು ತಹಾರತಿಗೆ. ಫ್ಲೋರೈಡ್ ನಜಸ್ ಅಲ್ಲ, ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ವುಝೂ ಸಿಂಧುವಾಗುತ್ತದೆ. ಆದರೆ ಅದೇ ನಲ್ಲಿಯ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ, ದೊಡ್ಡವರಲ್ಲಿ ಬೆನ್ನು ಮತ್ತು ಕೀಲುಗಳ ಬಿಗಿತ. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಫ್ಲೋರೈಡ್ ಸಾಂದ್ರವಾಗುತ್ತದೆ.

ಹ. ಸಅದ್ ಬಿನ್ ಉಬಾದ(ರ) ತಾಯಿಯ ಹೆಸರಿನಲ್ಲಿ ಬಾವಿ ತೋಡಿಸಿದ್ದನ್ನು ನೆನೆದು ನಾವು ಮಸೀದಿಯ ಮುಂದೆ ದಾರಿಹೋಕರಿಗೆ ನಲ್ಲಿ ಹಾಕಿಸುತ್ತೇವೆ. ಕೊಳವೆಬಾವಿಗೆ ಲಕ್ಷಗಟ್ಟಲೆ ಚಂದಾ ಎತ್ತುವ ಕಮಿಟಿಗಳು ಒಂದು ಬಾಟಲಿ ನೀರು ಪರೀಕ್ಷೆಗೆ ಕೊಡಲು ಯಾಕೆ ಹಿಂಜರಿಯುತ್ತವೋ! ಜಲಜೀವನ್ ಮಿಷನ್ ಅಡಿ ಹಳ್ಳಿಗಳಲ್ಲಿ ಮಹಿಳೆಯರಿಗೆ ಕಿಟ್ ಬಳಸಲು ತರಬೇತಿ ಕೊಡುತ್ತಾರೆ, ಪಂಚಾಯತಿಯಲ್ಲಿ ವಿಚಾರಿಸಿ. ಜಿಲ್ಲಾ ಮಟ್ಟದಲ್ಲಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯವಿದೆ. ಬೇಸಗೆಯಲ್ಲಿ ಒಮ್ಮೆ, ಮಳೆಗಾಲದ ನಂತರ ಒಮ್ಮೆ ಪರೀಕ್ಷೆ ಮಾಡಿಸಿ, ವರದಿಯನ್ನು ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲೇ ಅಂಟಿಸಲಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದನ್ನೂ ದಾಟಿದರೆ ಆ ನೀರು ವುಝೂವಿಗೆ, ಶೌಚಕ್ಕೆ ಇರಲಿ; ಕುಡಿಯುವ ನಲ್ಲಿಯನ್ನು ಮುಚ್ಚಿ, ಮಳೆನೀರಿನ ತೊಟ್ಟಿಗೋ ಶುದ್ಧೀಕರಣ ಘಟಕಕ್ಕೋ ಈ ಬಾರಿಯ ಚಂದಾ ಎತ್ತಲಿ.