ಉಣ್ಣೆಯ ಕೋಟು ಎಲ್ಲಿ ಹೋಯಿತು?

ಮರಳುಗಾಡೆಂದರೆ ಬಿಸಿಲು ಎಂಬುದು ನಮ್ಮ ಸೀಮೆಯ ಜನರ ಸಾಮಾನ್ಯ ತಿಳಿವಳಿಕೆ. ಆದರೆ ರಾಜಸ್ಥಾನದ ಮರಳುಗಾಡಿನಲ್ಲಿ ಪುಷ್ಯ ಮಾಸದ ಇರುಳು ಮನುಷ್ಯನ ಮೂಳೆಯನ್ನೇ ಕೊರೆಯುತ್ತದೆ. 2019ರ ಜೂನಿನಲ್ಲಿ 50 ಡಿಗ್ರಿ ದಾಟಿದ ಚುರು ಪಟ್ಟಣದಲ್ಲಿಯೇ ಚಳಿಗಾಲದ ಕೆಲವು ಇರುಳು ಉಷ್ಣಮಾನ ಸೊನ್ನೆಗಿಂತ ಕೆಳಗಿಳಿಯುವುದುಂಟು. ಇದರಲ್ಲಿ ಪವಾಡವೇನೂ ಇಲ್ಲ. ಗಾಳಿಯಲ್ಲಿರುವ ನೀರಿನ ಆವಿ ಭೂಮಿಯ ಕಾವನ್ನು ತಡೆದು ಹಿಡಿಯುತ್ತದೆ. ಅಲ್ಲಿಯ ಗಾಳಿ ಒಣ, ಆಕಾಶ ನಿರ್ಮಲ. ಹಗಲೆಲ್ಲ ಕಾದ ಮರಳು ಹೊತ್ತು ಮುಳುಗಿದೊಡನೆ ತನ್ನ ಕಾವನ್ನು ಬಿಟ್ಟುಕೊಡುತ್ತದೆ. ನಿಸರ್ಗದ ಈ ನಿಯಮಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ. ಭೇದವಿರುವುದು ಹೊದಿಕೆಯಲ್ಲಿ.

2024ರ ಜನವರಿಯಲ್ಲಿ ನಾವು ಮೂವರು ಗೆಳೆಯರೊಡನೆ ಜೋಧಪುರದಿಂದ ಪೋಖರಣದ ಮಾರ್ಗವಾಗಿ ಜೈಸಲ್ಮೇರಿಗೆ ಬಾಡಿಗೆಯ ಜೀಪಿನಲ್ಲಿ ಹೋಗಿದ್ದೆವು. ದಾರಿಯುದ್ದಕ್ಕೂ ನಿಂತ ಖೇಜಡಿ ಮರ ನಮ್ಮ ಬನ್ನಿ ಮರವೇ. ಢಾಬಾದಲ್ಲಿ ಸಿಕ್ಕಿದ್ದು ನಮ್ಮದೇ ಸಜ್ಜೆ ರೊಟ್ಟಿ. ಪೋಖರಣ ದಾಟುವ ಹೊತ್ತಿಗೆ ಕತ್ತಲಾಯಿತು. ಜೀಪಿನ ಸಂದುಗಳಿಂದ ನುಗ್ಗಿದ ಗಾಳಿಗೆ ಶಾಲು ಸಾಲದಾಗಿ ಟವೆಲುಗಳನ್ನೂ ಸುತ್ತಿಕೊಂಡು ಕುಳಿತೆವು. ರಸ್ತೆ ಅಗಲ ಮಾಡುವ ಕೆಲಸ ನಡೆದಿದ್ದ ಒಂದೆಡೆ ಬೆಂಕಿ ಕಂಡು ಇಳಿದೆವು. ತಾಡಪತ್ರಿಯ ಗುಡಿಸಲುಗಳಲ್ಲಿ ಬಿಹಾರದಿಂದ ಬಂದ ಕೂಲಿಗಳು ಸಂಸಾರ ಸಮೇತ ಇದ್ದರು. ಕೇಳುವ ಮೊದಲೇ ಸರಿದು ಜಾಗ ಕೊಟ್ಟರು.

"ಕಂಬಳಿ ಎರಡು, ಜನ ಐವರು. ಮಕ್ಕಳನ್ನು ನಡುವೆ ಹಾಕಿಕೊಳ್ಳುತ್ತೇವೆ. ಬೆಂಕಿ ಇರುವತನಕ ನಿದ್ದೆ, ಆರಿದ ಮೇಲೆ ಕುಳಿತೇ ಬೆಳಗು ಮಾಡುತ್ತೇವೆ" ಎಂದು ಅವರಲ್ಲೊಬ್ಬ ಹೇಳಿದ. ಕಂಟ್ರಾಕ್ಟರು ಏನು ಕೊಟ್ಟಿದ್ದಾನೆಂದು ಕೇಳಿದೆವು. ದೀಪದ ಬೆಳಕಿಗೆ ಮಿಂಚುವ ಹಳದಿ ಅಂಗಿಯನ್ನು ಮುಟ್ಟಿ ತೋರಿಸಿದ. ಅದು ಲಾರಿ ಹಾಯದಿರಲೆಂದು ಕೊಟ್ಟದ್ದು. ಚಳಿಗೆ ಅದರಿಂದ ಪ್ರಯೋಜನವಿಲ್ಲ.

ಜೈಸಲ್ಮೇರಿನಿಂದ ಸುಮಾರು 40 ಕಿಲೋಮೀಟರು ದೂರದ ಸಮ್ ಎಂಬಲ್ಲಿ ಮರಳ ದಿಬ್ಬಗಳ ಬಳಿ ಪ್ರವಾಸಿಗರ ಗುಡಾರಗಳಿವೆ. ದಪ್ಪ ರಜಾಯಿ, ಬಿಸಿನೀರು, ಬೆಂಕಿಯ ಸುತ್ತ ಹಾಡು ಕುಣಿತ. ಅಲ್ಲಿ ಚಳಿಯೂ ಮಾರಾಟದ ಸರಕು. ಪ್ರವಾಸಿಗರು ಸುಖವಾಗಿರುವುದಕ್ಕೆ ನಮ್ಮ ತಕರಾರಿಲ್ಲ. ಅವರನ್ನು ಅಲ್ಲಿಗೆ ಮುಟ್ಟಿಸುವ ರಸ್ತೆಯನ್ನು ಮಾಡಿದವರ ಪಾಡೇನು ಎಂಬುದೇ ನಮ್ಮ ಪ್ರಶ್ನೆ.

ಕಾನೂನು ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ 1979ರದು. ಅದರ ಮೇರೆಗೆ ಕೇಂದ್ರ ಸರಕಾರ 1980ರಲ್ಲಿ ಮಾಡಿದ ನಿಯಮಗಳು ಬಹು ಸ್ಪಷ್ಟವಾಗಿದ್ದವು: ಉಷ್ಣಮಾನ 20 ಡಿಗ್ರಿಗಿಂತ ಇಳಿಯುವ ಕಡೆ ಗುತ್ತಿಗೆದಾರನು ಪ್ರತಿ ವಲಸೆ ಕಾರ್ಮಿಕನಿಗೂ ಎರಡು ವರ್ಷಕ್ಕೊಮ್ಮೆ ಒಂದು ಉಣ್ಣೆಯ ಕೋಟು, ಒಂದು ಉಣ್ಣೆಯ ಷರಾಯಿ ಕೊಡಬೇಕು, 5 ಡಿಗ್ರಿಗಿಂತ ಇಳಿದರೆ ಮೂರು ವರ್ಷಕ್ಕೊಮ್ಮೆ ಮೇಲಂಗಿಯನ್ನೂ ಕೊಡಬೇಕು. ನಾವು ಬೆಂಕಿಯ ಬಳಿ ಕಂಡವರಲ್ಲಿ ಒಬ್ಬರ ಮೈಮೇಲೂ ಅಂಥ ಕೋಟಿರಲಿಲ್ಲ. ಅಂಥದೊಂದು ನಿಯಮವಿದೆಯೆಂದು ಕೇಳಿದವರೂ ಅಲ್ಲಿರಲಿಲ್ಲ.

ಚಳಿ ಅನಿರೀಕ್ಷಿತವಾಗಿ ಬಂತು ಎಂಬ ಸಬೂಬು ಪ್ರತಿವರ್ಷವೂ ಕೇಳಿಬರುತ್ತದೆ. ದಕ್ಷಿಣದಿಂದ ಹೋದ ಪ್ರಯಾಣಿಕನಿಗೆ ಅದು ಅನಿರೀಕ್ಷಿತವಾಗಿರಬಹುದು. ಟೆಂಡರು ಹಾಕುವಾಗ ಜಲ್ಲಿ, ಡಾಂಬರುಗಳ ಲೆಕ್ಕವನ್ನು ಪೈಸೆ ಬಿಡದೆ ಮಾಡುವ ಕಂಟ್ರಾಕ್ಟರಿಗೂ, ಅದಕ್ಕೆ ರುಜು ಹಾಕುವ ಇಲಾಖೆಗೂ ಜನವರಿಯಲ್ಲಿ ಚಳಿ ಬರುವುದು ತಿಳಿಯದೆ?

ಬರಗಾಲದಲ್ಲಿ ಸರಕಾರದ ಉಗ್ರಾಣ ತುಂಬಿದ್ದೂ ಜನ ಹಸಿದಿದ್ದರೆಂದು 2001ರಲ್ಲಿ ಸುಪ್ರೀಂ ಕೋರ್ಟಿಗೆ ದೂರು ಹೋದದ್ದು ಇದೇ ರಾಜಸ್ಥಾನದಿಂದ. ಆ ಮೊಕದ್ದಮೆಯಲ್ಲಿಯೇ 2010ರಲ್ಲಿ, ನಗರಗಳಲ್ಲಿ ಲಕ್ಷ ಜನಸಂಖ್ಯೆಗೊಂದರಂತೆ ಹಗಲಿರುಳೂ ತೆರೆದಿರುವ ಆಶ್ರಯತಾಣಗಳನ್ನು ಕಟ್ಟಬೇಕೆಂದು ಆಜ್ಞೆಯಾಯಿತು. ಒಳ್ಳೆಯದೇ ಆಯಿತು. ಆದರೆ ನಗರದಿಂದ ನೂರು ಮೈಲಿ ದೂರದ ಹೆದ್ದಾರಿಯ ಮಗ್ಗುಲಲ್ಲಿ ಮಲಗುವ ಕೂಲಿ ಯಾವ ನಗರದ ಲೆಕ್ಕಕ್ಕೂ ಸೇರುವುದಿಲ್ಲ.

1979ರ ಕಾಯಿದೆಯನ್ನು ನುಂಗಿಕೊಂಡ 2020ರ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಹಳೆಯ ಕಾಯಿದೆ ಹೋಯಿತೆಂದು ಹಳೆಯ ಹೊಣೆಯೂ ಹೋಗಕೂಡದು. ಉಣ್ಣೆಯ ಕೋಟಿನ ಮಾತು ಕೇಂದ್ರದ ನಿಯಮಗಳಲ್ಲಿಯೂ ರಾಜ್ಯಗಳ ನಿಯಮಗಳಲ್ಲಿಯೂ ಇರಬೇಕು. ಅದರ ಖರ್ಚು ಟೆಂಡರಿನಲ್ಲಿಯೇ ಕಾಣಬೇಕು. ಕೋಟು ಕೊಟ್ಟ ರಸೀದಿ ತೋರಿಸದೆ ಬಿಲ್ಲು ಪಾಸಾಗಕೂಡದು. ನಮ್ಮ ಕಲಬುರಗಿ, ಯಾದಗಿರಿ ಕಡೆಯ ಜನರೂ ಕೂಲಿಗಾಗಿ ಮುಂಬಯಿ, ಪುಣೆಗಳಿಗೆ ಹೋಗಿ ಬಯಲಲ್ಲಿ ಮಲಗುತ್ತಾರೆ. ಆದ್ದರಿಂದ ಇದನ್ನು ದೂರದ ಮರಳುಗಾಡಿನ ಮಾತೆಂದು ಬಗೆಯದೆ, ನಮ್ಮ ಕಾರ್ಯಕರ್ತರು ತಮ್ಮ ತಮ್ಮ ತಾಲ್ಲೂಕಿನ ರಸ್ತೆ ಕೆಲಸದ ಬಿಡಾರಗಳಿಗೆ ಒಂದು ಇರುಳು ಹೋಗಿ, ಎಷ್ಟು ಜನಕ್ಕೆ ಎಷ್ಟು ಕಂಬಳಿಯಿದೆ ಎಂದು ಎಣಿಸಿಕೊಂಡು ಬರಲಿ. ಕಾರ್ಮಿಕ ಅಧಿಕಾರಿಯ ಮೇಜಿನ ಮೇಲೆ ಇಡಬೇಕಾದ ಮೊದಲ ಮನವಿ ಆ ಲೆಕ್ಕವೇ ಆಗಲಿ.