ಶುಂಠಿ ಕೊಳೆಯೋಕೆ ನಗುವೂ ಒಂದು ಕಾರಣ

ಇವತ್ತು ಗೊಬ್ಬರ, ಔಷಧಿ ವಿಷಯ ಅಲ್ಲ. ನಗುವಿನ ವಿಷಯ.

ಹೋದ ವರ್ಷ ನಮ್ಮ ಮೇಲಿನ ಹೊಲದ ಅಣ್ಣ ಮೊದಲ ಸಲ ಶುಂಠಿ ಹಾಕಿದ್ರು. ಟೀ ಅಂಗಡೀಲಿ ನಾನೇ ಒಂದು ಮಾತು ಬಿಟ್ಟೆ: "ಅಣ್ಣಾ, ಶುಂಠಿ ದುಡ್ಡಲ್ಲಿ ಕಾರ್ ತಗೊಂಡ್ರೆ ನಮ್ಮನ್ನೂ ಸಂತೆಗೆ ಕರ್ಕೊಂಡು ಹೋಗಿ." ಎಲ್ಲ ನಕ್ರು, ಅವರೂ ನಕ್ರು. ಆಮೇಲೆ ಅವರು ಬಂದ್ರೆ ಸಾಕು, "ಕಾರ್ ಬಂತಾ?"

ಆಷಾಢದ ಮಳೇಲಿ ಅವರ ಹೊಲದ ಕೆಳಮೂಲೇಲಿ ಕೊಳೆ ಶುರುವಾಯ್ತು. ಎಲೆ ಹಳದಿ ತಿರುಗಿ, ಹಿಡಿದು ಎಳೆದ್ರೆ ಗಿಡ ಕೈಗೇ ಬರ್ತಿತ್ತಂತೆ. ಯಾರಿಗೂ ಹೇಳ್ಲಿಲ್ಲ. ಕೊಳೆ ನೀರಿನ ಜೊತೆ ಹರಿಯೋ ರೋಗ, ನಿಮಗೆಲ್ಲ ಗೊತ್ತು. ನನಗೆ ಗೊತ್ತಾಗೋ ಹೊತ್ತಿಗೆ ಆ ನೀರು ನನ್ನ ಶುಂಠಿಗೂ ಇಳಿದಿತ್ತು. ಅರ್ಧ ಬೆಳೆ ಹೋಯ್ತು.

"ಮೊದ್ಲೇ ಹೇಳಬಾರದಿತ್ತಾ ಅಣ್ಣಾ?" ಅಂದೆ.

"ಹೇಳಿದ್ರೆ ನಗ್ತಿದ್ರಿ ಕಣಪ್ಪ" ಅಂದ್ರು.

"ಅವರೂ ನಕ್ರಲ್ಲ" ಅಂತ ನಾನು ಸಮಾಧಾನ ಮಾಡ್ಕೊಂಡಿದ್ದೆ. ಆದ್ರೆ ಅಮೆರಿಕದ ರಾಬರ್ಟ್ ಪ್ರೊವೈನ್ ಅನ್ನೋ ವಿಜ್ಞಾನಿ ಜನ ಮಾತಾಡುವಾಗ ನಗೋದನ್ನ 1,200 ಸಲ ಗಮನಿಸಿ ಬರೆದಿಟ್ಟಿದ್ದರು. ನೂರರಲ್ಲಿ ಹತ್ತಿಪ್ಪತ್ತು ನಗು ಮಾತ್ರ ಜೋಕಿನಂಥ ಮಾತಿಗೆ ಬಂದದ್ದು. ಒಬ್ಬರೇ ಇರೋದಕ್ಕಿಂತ ಜನರ ಜೊತೆ ಇದ್ದಾಗ ಸುಮಾರು 30 ಪಟ್ಟು ಹೆಚ್ಚು ನಗ್ತೀವಂತೆ. ಅಂದ್ರೆ ಬಹಳಷ್ಟು ನಗು ತಮಾಷೆಗಲ್ಲ, ಗುಂಪಿನಲ್ಲಿ ಒಬ್ಬರಾಗಿ ಉಳಿಯೋಕೆ. ಅಣ್ಣನೂ ಹಾಗೇ ನಕ್ಕಿದ್ರು ಅನ್ಸುತ್ತೆ. ಮುಖದಲ್ಲಿದ್ದ ನಗು ನೋಡಿ ಒಳಗೂ ಖುಷಿ ಇದೆ ಅಂದ್ಕೊಂಡಿದ್ದು ನನ್ನ ತಪ್ಪು.

ಹಾಗಂತ ನಗಬೇಡಿ ಅನ್ನಲ್ಲ. ನಾಟಿ ಗದ್ದೇಲಿ ಹೆಂಗಸರು ಒಬ್ಬರನ್ನೊಬ್ಬರು ರೇಗಿಸ್ಕೊಂಡು ನಗ್ತಾ ಇರ್ಲಿಲ್ಲ ಅಂದ್ರೆ ದಿನವೆಲ್ಲ ಸೊಂಟ ಬಗ್ಗಿಸೋದು ಕಷ್ಟ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಜೊತೆಗಾರರು ಪರೀಕ್ಷೆ ಮಾಡಿ ನೋಡಿದ್ದಾರೆ: ಜೊತೇಲಿ ಮನಸಾರೆ ನಕ್ಕ ಮೇಲೆ ಜನ ನೋವನ್ನ ಹೆಚ್ಚು ತಡ್ಕೊಳ್ತಾರೆ. ಆದ್ರೆ ಗದ್ದೇಲಿ ರೇಗಿಸೋ ಸರದಿ ಎಲ್ಲರಿಗೂ ಬರುತ್ತೆ. ಟೀ ಅಂಗಡೀಲಿ ದಿನಾ ಒಬ್ಬರೇ ಸಿಗ್ತಾರೆ.

ನನ್ನ ಲೆಕ್ಕ ಇಷ್ಟೇ. ನಾವು ಯಾರನ್ನ ನೋಡಿ ನಕ್ವೋ, ಅವರು ನಾಳೆ ನಮ್ಮ ಹತ್ರ ಬಂದು "ಬೆಳೆ ಹೋಯ್ತು, ಸಾಲ ಆಯ್ತು" ಅಂತ ಹೇಳ್ಕೊಳ್ತಾರಾ? ಹೇಳ್ಕೊಳ್ತಾರೆ ಅಂದ್ರೆ ಅದು ಒಳ್ಳೇ ನಗು. ಇಲ್ಲ ಅಂದ್ರೆ ಆ ಮಾತು ನಿಲ್ಲಿಸಿ. ರೋಗ ಆಗ್ಲಿ, ಸಾಲ ಆಗ್ಲಿ, ಮುಚ್ಚಿಟ್ಟಷ್ಟೂ ಹರಡುತ್ತೆ.

ಈ ವರ್ಷ ಅಣ್ಣ, ನಾನು ಸೇರಿ ಎರಡು ಹೊಲಕ್ಕೂ ಒಂದೇ ಬಸಿಗಾಲುವೆ ತೆಗೀತಿದ್ದೀವಿ. ಕಾರಿನ ಮಾತು ನಾನು ಎತ್ತಿಲ್ಲ. ನಿನ್ನೆ ಅವರೇ ಎತ್ತಿದ್ರು: "ಮೊದ್ಲು ನಿನ್ನ ಕಾರಿಗೆ ದಾರಿ ಮಾಡೋಣ ಬಾರಪ್ಪ." ಇಬ್ರೂ ನಕ್ವಿ.